ಕ್ಯಾಲೆಂಡರ್ ಹಿಂದಿನ ಗೋಡೆ

ನಮ್ಮ ಮನೆ ಕೊಳ್ಳಲು ಬಂದವರು ಚಪ್ಪಲಿ ಬಿಟ್ಟು ಒಳಗೆ ಬಂದರು. ನಮಸ್ಕಾರ ಮಾಡಿದರು. ಕೂಡ್ರಿ ಅಂದೆ, ಕೂರಲಿಲ್ಲ. ನೇರವಾಗಿ ಹಾಲ್‌ನ ಗೋಡೆಯ ಹತ್ತಿರ ಹೋಗಿ, ಅಲ್ಲಿ ತೂಗುಹಾಕಿದ್ದ ಕ್ಯಾಲೆಂಡರನ್ನು ಎರಡು ಬೆರಳಿನಿಂದ ಎತ್ತಿ ಅದರ ಹಿಂದೆ ಇಣುಕಿದರು.

ಕ್ಯಾಲೆಂಡರ್ ಹಿಂದೆ ಏನಿರುತ್ತೆ? ಗೋಡೆ ಇರುತ್ತೆ. ನಮ್ಮ ಮನೆಯಲ್ಲಿ ಅದೂ ಪೂರ್ತಿ ಇರಲಿಲ್ಲ. ಪೇಂಟು ಉಬ್ಬಿ ಒಡೆದು, ಒಳಗಿನ ಗಾರೆ ಹಸಿಹಸಿಯಾಗಿ ಕಾಣುತ್ತಿತ್ತು. ಅವರು ಉಗುರಿನಿಂದ ಒಮ್ಮೆ ಕೆರೆದರು. ಬೊಗಸೆಯಷ್ಟು ಪುಡಿ ನೆಲಕ್ಕೆ ಬಿತ್ತು.

‘ಅಲ್ಲಿ ನೋಡಬೇಕು ಅಂತ ನಿಮಗೆ ಹೆಂಗೆ ಗೊತ್ತಾಯ್ತು?’ ಅಂದೆ. ಕೇಳಬಾರದಿತ್ತು.

‘ನೀವೇ ಬರೆದಿದ್ರಲ್ರಿ ಸರ್’ ಅಂದರು. ಅಂಗಿಯ ಜೇಬಿನಿಂದ ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗಿಂದ ನಾಲ್ಕು ಮಡಿಕೆಯ ಪೇಪರ್ ಕಟಿಂಗ್ ಬಿಚ್ಚಿದರು. ಅದರ ಮೂಲೆಯಲ್ಲಿ ನಾನೇ ನಗುತ್ತಿದ್ದೆ. ಮೂರು ವರ್ಷ ಹಳೆಯ ಫೋಟೋ, ಮೂರು ವರ್ಷ ಹಳೆಯ ಅಂಕಣ.

ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. (ನೆನಪಿಲ್ಲದಿದ್ದರೆ ದಯವಿಟ್ಟು ಹಾಗೇ ಇರಿ.) ‘ಮನೆಗೊಂದು ಭಾನುವಾರ’ ಅಂತ ಇದೇ ಜಾಗದಲ್ಲಿ ಒಂದು ಬರಹ ಬರೆದಿದ್ದೆ. ಮನೆ ಕಟ್ಟಿದರೆ ಸಾಲದು, ನೋಡಿಕೊಳ್ಳಬೇಕು. ವಾರಕ್ಕೆ ಒಂದು ಗಂಟೆ ಕೊಟ್ಟರೆ ಮನೆಯ ಬೆಲೆ ಇಳಿಯುವುದಿಲ್ಲ ಅಂತೆಲ್ಲ ಉಪದೇಶ ಮಾಡಿದ್ದೆ. ಮಳೆಗಾಲಕ್ಕೆ ಮುಂಚೆ ಟೆರೇಸಿನ ಪೈಪಿನ ಬಾಯಿ ಕ್ಲೀನ್ ಮಾಡಿ. ತೊಟ್ಟಿಕ್ಕುವ ನಲ್ಲಿಗೆ ದಾರ ಕಟ್ಟಬೇಡಿ, ವಾಷರ್ ಹಾಕಿಸಿ. ಗೋಡೆಯ ಬಿರುಕಿನಲ್ಲಿ ಅರಳಿ ಸಸಿ ಕಂಡರೆ ಬೆರಳುದ್ದ ಇದ್ದಾಗಲೇ ತೆಗೆಯಿರಿ. ಕೊನೆಗೆ, ಮನೆ ಕೊಳ್ಳುವವರಿಗೆ ಒಂದು ಕಿವಿಮಾತು: ಕ್ಯಾಲೆಂಡರ್ ಎತ್ತಿ ನೋಡಿ!

ಆ ವಾರ ನನಗೆ ಬಂದಷ್ಟು ಫೋನು ಅದಕ್ಕೆ ಮುಂಚೆ ಬಂದಿರಲಿಲ್ಲ. ಲೋಕಿಕೆರೆಯ ಓದುಗರೊಬ್ಬರು ಬೆಳಿಗ್ಗೆ ಫೋನ್ ಮಾಡಿ, ‘ನಿಮ್ಮ ಲೇಖನ ಓದಿ ಟೆರೇಸ್ ಮ್ಯಾಲೆ ಹತ್ತಿದ್ದೆ ಸರ್, ಪೈಪಿನಾಗೆ ಕಾಗಿ ಗೂಡೇ ಇತ್ತು’ ಅಂದರು. ನಾನು ಟೀ ಕುಡಿಯುತ್ತಾ, ‘ಒಳ್ಳೇದು, ಹಿಂಗೇ ಪ್ರತಿವರ್ಷ ಮಾಡ್ರಿ’ ಅಂತ ಆಶೀರ್ವಾದ ಮಾಡಿದೆ. ನಮ್ಮ ಟೆರೇಸಿನ ಪೈಪಿನಲ್ಲಿ ಏನಿದೆ ಅಂತ ನನಗೆ ಆಗಲೂ ಗೊತ್ತಿರಲಿಲ್ಲ.

ನೀವು ಕೇಳಬಹುದು, ಇಷ್ಟೆಲ್ಲ ವಿದ್ಯೆ ನನಗೆಲ್ಲಿಂದ ಬಂತು? ನಾನು ಎಂಜಿನಿಯರ್ ಅಲ್ಲ, ಕಾಲೇಜಿನಲ್ಲಿ ಕಾಮರ್ಸ್ ಹೇಳುವವನು. ನಿಜ ಹೇಳಿಬಿಡುತ್ತೇನೆ. ಎಲ್ಲವೂ ನಮ್ಮ ಮನೆಯಿಂದಲೇ ಬಂತು. ಆನೆಕೊಂಡದ ಹತ್ತಿರ ನಾವು ಮನೆ ಕಟ್ಟಿಸಿ ಹದಿನೆಂಟು ವರ್ಷವಾಯಿತು. ಅದರಲ್ಲಿ ನಾನು ಏನೇನು ಮಾಡದೆ ಬಿಟ್ಟೆನೋ ಅದನ್ನೆಲ್ಲ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ‘ಮಾಡಿ’ ಅಂತ ಸೇರಿಸಿದ್ದೆ. ಅಂಕಣವಾಯಿತು.

ಕ್ಯಾಲೆಂಡರಿನ ಕಥೆ ಹೀಗೆ. ಆ ಅಂಕಣ ಬರೆದ ವರ್ಷ ಹಾಲ್‌ನ ಗೋಡೆಯಲ್ಲಿ ಅಂಗೈಯಗಲದ ಒದ್ದೆ ಮಚ್ಚೆ ಕಾಣಿಸಿತು. ಬೇಕರಿಯವರು ಕೊಟ್ಟ ಪುಟ್ಟ ಕ್ಯಾಲೆಂಡರ್ ಅದಕ್ಕೆ ಸರಿಹೋಯಿತು. ಮುಂದಿನ ವರ್ಷ ಮಚ್ಚೆ ಬೆಳೆಯಿತು; ಮೆಡಿಕಲ್ ಸ್ಟೋರಿನವರ ಕ್ಯಾಲೆಂಡರ್ ಸ್ವಲ್ಪ ದೊಡ್ಡದಿತ್ತು. ಅದರ ಮುಂದಿನ ವರ್ಷ ಬಟ್ಟೆ ಅಂಗಡಿಯವರದು. ದಾವಣಗೆರೆಯಲ್ಲಿ ಕ್ಯಾಲೆಂಡರಿಗೇನು ಬರ, ಕೇಳಿದರೆ ಎಲ್ಲರೂ ಕೊಡುತ್ತಾರೆ. ಈಗ ಅಲ್ಲಿರುವುದು ಸ್ಟೀಲ್ ಅಂಗಡಿಯವರ ಕ್ಯಾಲೆಂಡರ್, ಅದಕ್ಕಿಂತ ದೊಡ್ಡದನ್ನು ಯಾರೂ ಪ್ರಿಂಟ್ ಮಾಡಿಸುವುದಿಲ್ಲ.

ಇನ್ನು ಮನೆ ಮಾರುವ ಮಾತು ಯಾಕೆ ಬಂತು ಅಂತ ಹೇಳಬೇಕು.

ನನ್ನ ಹೆಂಡತಿ ಗಿರಿಜಾ ಹರಿಹರದ ಒಂದು ಶಾಲೆಯಲ್ಲಿ ಟೀಚರ್. ಹದಿನಾರು ವರ್ಷದಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ದೂರ ಏನಲ್ಲ, ಆದರೆ ಬೆಳಗಿನ ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ. ನಿಂತೇ ಹೋಗಬೇಕು, ಅಲ್ಲಿ ಹೋಗಿ ಬೋರ್ಡಿನ ಮುಂದೆ ನಿಲ್ಲಬೇಕು, ಮತ್ತೆ ನಿಂತೇ ಬರಬೇಕು. ಈಗ ಎರಡು ವರ್ಷದಿಂದ ಅವಳ ಮೊಣಕಾಲು ದೂರು ಕೊಡುತ್ತಿದೆ. ಸಂಜೆ ಬಂದವಳು ಬಾಗಿಲ ಚೌಕಟ್ಟು ಹಿಡಿದು ಒಂದು ನಿಮಿಷ ಸುಮ್ಮನೆ ನಿಲ್ಲುತ್ತಾಳೆ, ಆಮೇಲೆ ಒಳಗೆ ಕಾಲಿಡುತ್ತಾಳೆ. ನಾನು ಇದನ್ನು ದಿನಾ ನೋಡುತ್ತೇನೆ.

ಅವಳು ಬಾಯಿಬಿಟ್ಟು ಏನನ್ನೂ ಕೇಳುವವಳಲ್ಲ. ಈ ವರ್ಷ ಕೇಳಿದಳು. ಶಾಲೆಯಿಂದ ಎರಡು ಬೀದಿ ಆಚೆ ಒಂದು ಮನೆ ಇದೆ, ಅದರ ಮಾಲೀಕ ನಾಗೇಂದ್ರಪ್ಪ ಅನ್ನುವವರು ಮಾರಿ ತಮ್ಮನ ಊರಿಗೆ ಹೋಗಬೇಕೆಂದಿದ್ದಾರೆ, ಒಮ್ಮೆ ಬಂದು ನೋಡ್ರಿ ಅಂದಳು. ಹೋಗಿ ನೋಡಿದೆ. ನಾಗೇಂದ್ರಪ್ಪ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿ ರಿಟೈರ್ ಆದವರು. ಮನೆಗೆ ನಮ್ಮದಕ್ಕಿಂತ ಹೆಚ್ಚು ವಯಸ್ಸಾಗಿತ್ತು, ಆದರೆ ನಿನ್ನೆ ಕಟ್ಟಿದ ಹಾಗಿತ್ತು. ಗೇಟು ಮುಟ್ಟಿದರೆ ಸದ್ದಿಲ್ಲದೆ ಸರಿಯಿತು. ಕಿಟಕಿಯ ಚಿಲಕ ಒಂದೇ ಬೆರಳಿಗೆ ಬಿದ್ದಿತು. ಬಚ್ಚಲಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಗೆರೆ ಎಳೆದಿದ್ದರು. ಗಿರಿಜಾ ಹಿತ್ತಿಲಿನ ಕಟ್ಟೆಯ ಮೇಲೆ ಕೂತು, ‘ಶಾಲೆ ಬೆಲ್ಲು ಇಲ್ಲಿಗೇ ಕೇಳ್ತೈತೆ’ ಅಂದಳು. ಅವಳ ಮುಖದಲ್ಲಿ ಅಂಥ ನಗು ನೋಡಿ ಬಹಳ ದಿನವಾಗಿತ್ತು.

‘ನಾನು ಬೋರ್ಡ್ ಹಾಕಿಲ್ಲ, ಬ್ರೋಕರಿಗೂ ಹೇಳಿಲ್ಲ’ ಅಂದರು ನಾಗೇಂದ್ರಪ್ಪ. ‘ಟೀಚರಮ್ಮ ತಗಂಡ್ರೆ ನನಗೂ ಸಮಾಧಾನ. ಆದ್ರೆ ಬಾಳ ದಿನ ಕಾಯಕಾಗಲ್ಲ. ಯಾರಾದ್ರೂ ಬಂದು ಕೈ ಹಿಡಿದ್ರೆ ಕೊಟ್ಟುಬಿಡ್ತೀನಿ.’

ನಮ್ಮದು ಮಾರಿದರೆ ತಾನೆ ಅದನ್ನು ಕೊಳ್ಳುವುದು? ಹಾಗಾಗಿ ಮನೆ ಮಾರಾಟಕ್ಕಿಟ್ಟೆ. ಪೇಂಟರನ್ನೂ ಕರೆಸಿದೆ. ನಮ್ಮ ಬೀದಿಯಲ್ಲಿ ಮನೆಗೆ ಬಣ್ಣ ಹೊಡೆಸುವುದು ಅಂದರೆ ಮುಂದಿನ ಗೋಡೆಗೆ ಅಂತ ಅರ್ಥ. ಹಬ್ಬಕ್ಕಿರಲಿ ಮದುವೆಗಿರಲಿ, ಬಂದವರಿಗೆ ಕಾಣುವ ಮುಖಕ್ಕೆ ಎರಡು ಕೋಟು, ಎಡಬಲ ಹಿಂದೆ ಕಟ್ಟಿದ ದಿನ ಹೇಗಿತ್ತೋ ಹಾಗೆ. ನಾನೂ ಸಂಪ್ರದಾಯ ಮೀರಲಿಲ್ಲ. ಮುಂದಿನ ಗೋಡೆಗೆ ತಿಳಿಹಳದಿ ಬಳಿಸಿದೆ.

ಉಳಿದದ್ದು ಅರಳಿ ಗಿಡ. ಮೆಟ್ಟಿಲು ಟೆರೇಸಿಗೆ ಹತ್ತುವಲ್ಲಿ ಒಂದು ಸಣ್ಣ ಕೋಣೆಯಿದೆಯಲ್ಲ, ಅದರ ಸೂರಿನ ಅಂಚಿನಲ್ಲಿ ಯಾವುದೋ ಹಕ್ಕಿ ಕೃಪೆಯಿಂದ ಒಂದು ಅರಳಿ ಹುಟ್ಟಿತ್ತು. ಅಂಕಣ ಬರೆದಾಗ ಎರಡೆಲೆ ಇತ್ತು. ಈಗ ನನ್ನ ಸೊಂಟದೆತ್ತರ ಬೆಳೆದು ಗಾಳಿಗೆ ಚಪ್ಪಾಳೆ ತಟ್ಟುತ್ತಿದೆ. ಪೇಂಟರಿಗೆ ತೋರಿಸಿ, ಇದೊಂದು ಕಿತ್ತುಬಿಡಪ್ಪಾ ಅಂದೆ. ಅವನು ಬ್ರಷ್ ಕೆಳಗಿಟ್ಟು ಕೈ ಮುಗಿದ.

‘ಅರಳಿ ಗಿಡ ಸರ್. ಅದನ್ನ ಮಾತ್ರ ನನ್ನ ಕೈಲಿ ಕೀಳಿಸಬ್ಯಾಡ್ರಿ. ಮನ್ಯಾಗೆ ಸಣ್ಣ ಮಕ್ಳು ಅದಾವೆ.’

ಅವನಿಗಿಂತ ಮುಂಚೆ ಟ್ಯಾಂಕ್ ತೊಳೆಯಲು ಬಂದವನೂ ಹಾಗೇ ಅಂದಿದ್ದ, ಪ್ಲಂಬರೂ ಅಂದಿದ್ದ. ನಾನು? ನಾನು ವಿಚಾರವಂತ. ಕ್ಲಾಸಿನಲ್ಲಿ ಮೂಢನಂಬಿಕೆಯ ವಿರುದ್ಧ ಮಾತಾಡುತ್ತೇನೆ. ಆದರೂ ಮೂರು ವರ್ಷದಲ್ಲಿ ಎಷ್ಟೋ ಸಲ ಕೆಳಗೆ ನಿಂತು ಅದನ್ನು ನೋಡಿ, ಅಶ್ವತ್ಥ ವೃಕ್ಷ ಅಲ್ವಾ ಅಂತ ಅಂದುಕೊಂಡು ಇಳಿದುಬಂದಿದ್ದೇನೆ. ಭಕ್ತಿಯಿಂದ ಅಂತ ಹೇಳಿಕೊಳ್ಳಬಹುದು. ಆದರೆ ಅಲ್ಲಿಗೆ ಹತ್ತಲು ಏಣಿ ಬೇಕು, ಏಣಿ ಪಕ್ಕದ ಮನೆಯಲ್ಲಿದೆ, ಕೇಳಿ ತರಬೇಕು. ಸೋಮಾರಿತನಕ್ಕೆ ದೇವರ ಬೆಂಬಲ ಸಿಕ್ಕರೆ ಯಾರು ಬಿಡುತ್ತಾರೆ?

ಹೀಗೆ ಸಿಂಗರಿಸಿಕೊಂಡು ನಿಂತ ಮನೆಗೆ ಒಂದು ಭಾನುವಾರ ಬಂದು ಕ್ಯಾಲೆಂಡರ್ ಎತ್ತಿದವರೇ ಬಸವರಾಜಪ್ಪ. ನಂದಿಗುಡಿಯವರು, ಭತ್ತದ ಗದ್ದೆ ಇದೆ. ಮಕ್ಕಳ ಕಾಲೇಜಿಗೆ ಪೇಟೆಯಲ್ಲಿ ಒಂದು ಮನೆ ಮಾಡಬೇಕು ಅಂತ ಹೊರಟವರು. ದಾವಣಗೆರೆಯಾದರೂ ಆದೀತು, ಹರಿಹರವಾದರೂ ಆದೀತು ಅನ್ನುವ ಲೆಕ್ಕ ಅವರದು. ಇದನ್ನು ಅವರು ಬರುವ ಮುಂಚೆ ಫೋನಿನಲ್ಲೇ ಹೇಳಿದ್ದರು. ನಾನು ಸರಿಯಾಗಿ ಕೇಳಿಸಿಕೊಂಡಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ಅವರು ಕಟಿಂಗ್ ಕೈಯಲ್ಲಿ ಹಿಡಿದೇ ಮನೆ ಸುತ್ತಿದರು. ಪರೀಕ್ಷೆಗೆ ಬಂದ ಇನ್ಸ್‌ಪೆಕ್ಟರ ಹಿಂದೆ ಹೆಡ್‌ಮಾಸ್ಟರ್ ನಡೆದಂತೆ ನಾನು ಹಿಂದೆ ನಡೆದೆ. ಅಡುಗೆಮನೆಯ ನಲ್ಲಿಗೆ ಕಟ್ಟಿದ್ದ ದಾರ ನೋಡಿದರು. ‘ಇದನ್ನೂ ಬರೆದೀರಿ’ ಅಂದರು. ಬೆಡ್‌ರೂಮಿನ ಬಾಗಿಲು ಅರ್ಧಕ್ಕೆ ನಿಂತುಕೊಂಡಿತು. ಭುಜ ಕೊಟ್ಟು ನೂಕಿದರು. ‘ಇದು ನಿಮ್ಮ ಲಿಸ್ಟಿನಾಗೆ ಇಲ್ಲ, ಬರ್ಕೊಳ್ರಿ’ ಅಂದರು. ವ್ಯಂಗ್ಯವಾಗಿ ಅಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಟೆರೇಸಿಗೆ ಹೋದೆವು. ಗಿಡ ನೋಡಿದವರೇ ಏಣಿ ಕೇಳಿದರು. ಮೂರು ವರ್ಷದಿಂದ ನನಗೆ ತರಲಾಗದ ಏಣಿಯನ್ನು ಪಕ್ಕದ ಮನೆಯಿಂದ ಮೂರು ನಿಮಿಷದಲ್ಲಿ ತಂದೆ. ಬಸವರಾಜಪ್ಪ ಪಂಚೆ ಎತ್ತಿ ಕಟ್ಟಿ ಹತ್ತಿದರು. ಬಿರುಕಿಗೆ ಕಡ್ಡಿ ಹಾಕಿ ನೋಡಿದರು, ಕಡ್ಡಿ ಇಡೀ ಒಳಗೆ ಹೋಯಿತು.

‘ಬೇರು ಇಲ್ಲಿಂದ ಗೋಡೆ ಒಳಗೆ ಇಳಿದೈತೆ ಸರ್. ನೀರು ಅದರ ಹಿಂದೇನೇ ಹೋಗೈತೆ. ನಿಮ್ಮ ಕ್ಯಾಲೆಂಡರ್ ಇರೋದು ಇದರ ಕೆಳಗೇ’ ಅಂದರು. ‘ಗದ್ದೆ ಬದುವಿಗೆ ಏಡಿ ತೂತು ಮಾಡಿದಂಗೆ. ಮೊದಲಿನ ದಿನ ಒಂದು ಮುಷ್ಟಿ ಕೆಸರು ಮೆತ್ತಿದ್ರೆ ಸಾಕು. ನಾಳೆ ಅಂದ್ರೆ ಬದುನೇ ಇರಲ್ಲ.’

‘ಅರಳಿ ಕೀಳಬಾರದು ಅಂತಾರಲ್ರಿ’ ಅಂತ ಕೊನೆಯ ಅಸ್ತ್ರ ಬಿಟ್ಟೆ.

‘ಕಡೀಬಾರದು. ನೀರು ಬಿಟ್ಟು ನೆನೆಸಿ ಮೆಲ್ಲಗೆ ಎಳೆದ್ರೆ ಬೇರ್ ಸಮೇತ ಬರ್ತೈತೆ. ಗುಡಿ ಹತ್ರನೋ ಕೆರೆ ಹತ್ರನೋ ನೆಟ್ರಾತು. ಪುಣ್ಯನೇ ಬರ್ತೈತೆ ಬಿಡ್ರಿ.’

ಕೆಳಗೆ ಬಂದು ಕೂತೆವು. ಗಿರಿಜಾ ಮಂಡಕ್ಕಿ, ಮಿರ್ಚಿ ತಂದಿಟ್ಟಳು. ಬಸವರಾಜಪ್ಪ ತಿಂದು, ಕೈ ಒರೆಸಿಕೊಂಡು, ನಿಧಾನಕ್ಕೆ ಹೇಳಿದರು: ‘ಮನೆ ಒಳ್ಳೇದೇ ಐತೆ ಸರ್. ಆದ್ರೆ ನೀವು ಹೇಳೋ ರೇಟು ಮೂರು ವರ್ಷದ ಹಿಂದಿನ ಮನೆಗೆ ಸರಿ. ಈಗಿನ ಮನೆಗೆ ಅದನ್ನ ಕೊಡಕಾಗಲ್ಲ.’

ಇಷ್ಟಕ್ಕೇ ನಾನು ಸುಮ್ಮನಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಸ್ವಲ್ಪ ರೇಟು ಇಳಿಸಿ ಮಾತಾಡಬಹುದಿತ್ತು. ಅವರೂ ಅದನ್ನೇ ಕಾಯುತ್ತಿದ್ದರು ಅಂತ ಈಗ ಅನಿಸುತ್ತದೆ. ಆದರೆ ಎರಡು ತಾಸಿನಿಂದ ನನ್ನ ಮಾನ ಪುಡಿಪುಡಿಯಾಗಿ ಗೋಡೆಯ ಜೊತೆ ಉದುರುತ್ತಿತ್ತು. ಮೇಷ್ಟರು ಯಾವತ್ತಾದರೂ ಸೋತು ಸುಮ್ಮನೆ ಕೂತದ್ದುಂಟೇ? ಮನೆ ನೋಡಿಕೊಳ್ಳುವುದು ಹೇಗೆಂದು ನನಗೆ ಗೊತ್ತಿಲ್ಲ ಅಂತ ಈ ಮನುಷ್ಯ ತಿಳಿದುಬಿಟ್ಟರೆ ಹೇಗೆ?

‘ಚೆನ್ನಾಗಿ ಇಟ್ಕೊಂಡಿರೋ ಮನೆ ಅಂದ್ರೆ ಹೆಂಗಿರುತ್ತೆ ಅಂತ ನಾನು ಹೇಳ್ತೀನಿ ಕೇಳ್ರಿ’ ಅಂತ ಶುರು ಮಾಡಿದೆ. ಹರಿಹರದ ಮನೆ ಬಣ್ಣಿಸಿದೆ. ಗೇಟು, ಚಿಲಕ, ಪೆನ್ಸಿಲ್ ಗೆರೆ, ಒಂದೂ ಬಿಡಲಿಲ್ಲ. ಟೆರೇಸಿನ ಮೇಲೆ ಬೇಕಾದರೆ ಎಲೆ ಹಾಕಿ ಊಟ ಮಾಡಬಹುದು ಅಂದೆ. ಅಡುಗೆಮನೆಯಿಂದ ಗಿರಿಜಾ ಕೆಮ್ಮಿದಳು. ಮಿರ್ಚಿ ಖಾರ ಇರಬೇಕು ಅಂದುಕೊಂಡೆ.

‘ಹೌದಾ? ಎಲ್ಲೈತ್ರಿ ಅದು?’ ಅಂದರು ಬಸವರಾಜಪ್ಪ.

ಹೇಳಿದೆ. ಬೀದಿ ಹೇಳಿದೆ. ಶಾಲೆಯ ಕಾಂಪೌಂಡಿನ ಪಕ್ಕ ಎಡಕ್ಕೆ ತಿರುಗಬೇಕು ಅಂತ ಕೈಯಾಡಿಸಿ ತೋರಿಸಿದೆ. ಗಿರಿಜಾ ಮತ್ತೆ ಕೆಮ್ಮಿದಳು, ಈ ಸಲ ಜೋರಾಗಿ. ‘ನೀರು ಕುಡಿಯೇ’ ಅಂತ ಕೂಗಿದೆ. ನೀಲಿ ಗೇಟು, ಎದುರಿಗೆ ಒಂದು ಬೇವಿನ ಮರ ಅಂತಲೂ ಸೇರಿಸಿದೆ. ಬರೆಯುವವನಲ್ಲವೇ, ವಿವರಗಳು ಮುಖ್ಯ.

ಹನ್ನೊಂದನೇ ದಿನ ನಾಗೇಂದ್ರಪ್ಪ ಶಾಲೆಯ ಗೇಟಿನ ಹತ್ತಿರ ಗಿರಿಜಾಗಾಗಿ ಕಾದು ನಿಂತಿದ್ದರಂತೆ. ಕೈಯಲ್ಲಿ ಪೇಡೆ ಡಬ್ಬಿ. ‘ನಂದಿಗುಡಿಯೋರು ಬಂದಿದ್ರಮ್ಮ, ಮಾತು ಮುಗೀತು. ನಿಮ್ಮೆಜಮಾನ್ರೇ ಕಳಿಸಿದ್ರಂತಲ್ಲ. ನಿಮಗೆ ಬ್ಯಾಡಾತೇನೋ ಅಂದ್ಕಂಡೆ’ ಅಂದರಂತೆ.

ಸಂಜೆ ಅವಳು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆ ದಿನ ಒಂದು ನಿಮಿಷಕ್ಕಿಂತ ಹೆಚ್ಚು ನಿಂತಳು. ಆಮೇಲೆ ಪೇಡೆ ಡಬ್ಬಿಯನ್ನು ಟೇಬಲ್ಲಿನ ಮೇಲಿಟ್ಟು, ನಡೆದದ್ದನ್ನು ನಾಲ್ಕು ವಾಕ್ಯದಲ್ಲಿ ಹೇಳಿ, ಅಕ್ಕಿ ತೊಳೆಯಲು ಹೋದಳು. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ನನಗೆ ನಾಚಿಕೆಯಾಯಿತು. ತಮಾಷೆಗೆ ಹೇಳುತ್ತಿಲ್ಲ, ನಿಜಕ್ಕೂ ಆಯಿತು. ಹದಿನಾರು ವರ್ಷದಲ್ಲಿ ಅವಳು ನನ್ನನ್ನು ಕೇಳಿದ್ದು ಅದೊಂದೇ ಮನೆ.

ಮರುದಿನ ಬಸವರಾಜಪ್ಪನವರ ಫೋನು. ‘ನಿಮ್ಮ ಉಪಕಾರ ಮರೆಯಲ್ಲ ಸರ್. ನೀವು ಹೇಳಿದಂಗೇ ಐತೆ ಮನೆ. ಕ್ಯಾಲೆಂಡರ್ ಎತ್ತಿ ನೋಡಿದೆ, ಹಿಂದೆ ಬರೀ ಗೋಡೆ ಇತ್ತು.’ ಅದು ನಾವು ಕೊಳ್ಳಬೇಕೆಂದಿದ್ದ ಮನೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ನಾನು ಹೇಳಿರಲಿಲ್ಲವಲ್ಲ. ಬೇವಿನ ಮರ ಹೇಳಿದ್ದೆ, ಗೇಟಿನ ಬಣ್ಣ ಹೇಳಿದ್ದೆ, ಇದನ್ನು ಬಿಟ್ಟಿದ್ದೆ. ಈಗಲೂ ಹೇಳಲಿಲ್ಲ. ಒಳ್ಳೇದಾಗಲಿ ಅಂದೆ.

ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ, ನಾವು ಯಾಕೆ ಹೀಗೆ? ಸ್ಕೂಟರಿಗೆ ಸರ್ವಿಸ್ ಮಾಡಿಸುತ್ತೇವೆ, ಮೊಬೈಲಿಗೆ ಕವರ್ ಹಾಕುತ್ತೇವೆ, ಆ ಕವರಿಗೂ ಧೂಳು ಕೂರದಂತೆ ಒರೆಸುತ್ತೇವೆ. ಆಯುಷ್ಯವೆಲ್ಲ ದುಡಿದು ಕಟ್ಟಿದ ಮನೆಯನ್ನು ಗೃಹಪ್ರವೇಶದ ಮರುದಿನ ಮರೆತುಬಿಡುತ್ತೇವೆ. ಮನೆ ಒಂದೇ ದಿನ ಬೀಳುವುದಿಲ್ಲ, ಅದೇ ತೊಂದರೆ. ದಿನಕ್ಕೊಂದಿಷ್ಟು ಹೋಗುತ್ತದೆ, ನಾವು ದಿನಾ ಅದರೊಳಗೇ ಇರುವುದರಿಂದ ಕಾಣುವುದಿಲ್ಲ. ಮನೆಯ ಬೆಲೆ ಮಾರ್ಕೆಟ್ಟಿನಲ್ಲಿ ಇಳಿಯಿತು ಅಂತ ದೂರುತ್ತೇವೆ. ನಮ್ಮ ಮನೆಯದು ನಾನು ಆಚೀಚೆ ಹೊರಳಿ ಮಲಗಿದ ಭಾನುವಾರಗಳಲ್ಲಿ ಇಳಿಯಿತು.

ಮೊಣಕಾಲಿನದೂ ಅದೇ ಕಥೆಯೇನೋ. ಬಾಗಿಲ ಚೌಕಟ್ಟು ಹಿಡಿದು ನಿಂತವಳನ್ನು ಎರಡು ವರ್ಷ ದಿನಾ ನೋಡಿದೆ ಅಂತ ಆಗಲೇ ಬರೆದೆ. ನೋಡಿ ಏನು ಮಾಡಿದೆ ಅಂತ ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಗಿರಿಜಾ ಈಗಲೂ ಅದೇ ಬಸ್ಸಿಗೆ ಹೋಗುತ್ತಾಳೆ. ಬಸ್ ಸ್ಟ್ಯಾಂಡಿನಿಂದ ಶಾಲೆಗೆ ನಡೆಯುವಾಗ ಆ ಮನೆ ದಾಟಬೇಕು. ಸಂಜೆ ಬಂದು ಅಲ್ಲಿನ ಸುದ್ದಿ ಹೇಳುತ್ತಾಳೆ. ಸೋಮವಾರ, ‘ಬಸವರಾಜಪ್ನೋರು ಗೇಟಿಗೆ ಎಣ್ಣೆ ಬಿಡ್ತಿದ್ರು.’ ಗುರುವಾರ, ‘ಟೆರೇಸ್ ಗುಡಿಸ್ತಿದ್ರು, ನನ್ನ ನೋಡಿ ಮೇಲಿಂದಾನೇ ನಮಸ್ಕಾರ ಮಾಡಿದ್ರು.’ ಅಷ್ಟೇ. ಅದರ ಮೇಲೆ ಒಂದು ಮಾತೂ ಸೇರಿಸುವುದಿಲ್ಲ. ನಾನು ಪೇಪರಿನಲ್ಲಿ ಮುಖ ಮುಚ್ಚಿಕೊಳ್ಳುತ್ತೇನೆ.

ಕಳೆದ ವಾರ ಪ್ರತಿಜ್ಞೆ ಮಾಡಿದೆ. ಬರುವ ಭಾನುವಾರ ಬೇರೇನೂ ಕೆಲಸ ಇಟ್ಟುಕೊಳ್ಳುವುದಿಲ್ಲ, ಅರಳಿ ತೆಗೆಯುವುದೇ. ನಲ್ಲಿಗೆ ವಾಷರ್ ಕೂಡ ತಂದಿಟ್ಟೆ. (ಟಿವಿ ಮೇಲಿದೆ.) ಮನೆ ನೆಟ್ಟಗಾದರೆ ಮತ್ತೊಬ್ಬರು ಬರುತ್ತಾರೆ, ಹರಿಹರದಲ್ಲಿ ಮತ್ತೊಂದು ಮನೆ ಸಿಗುತ್ತದೆ ಅಂತ ಗಿರಿಜಾಗೆ ಮಾತು ಕೊಟ್ಟೆ. ಅವಳು ‘ಹೂಂ’ ಅಂದಳು. ಆ ‘ಹೂಂ’ ನಾನು ಮೊದಲೂ ಕೇಳಿದ್ದೇನೆ.

ಆ ಭಾನುವಾರ ಇವತ್ತು. ಬೆಳಿಗ್ಗೆ ಎದ್ದ ಕೂಡಲೇ ನೆನಪಾಯಿತು, ಸಂಜೆಯೊಳಗೆ ಅಂಕಣ ಕಳಿಸಬೇಕು. ಏನು ಬರೆಯಲಿ? ಮನೆ ನೋಡಿಕೊಳ್ಳುವುದರ ಬಗ್ಗೆಯೇ ಬರೆಯೋಣ, ಅನುಭವ ಬಿಸಿಯಾಗಿದೆ ಅಂತ ಕೂತೆ. ಒಂಬತ್ತಕ್ಕೆ ಕೂತವನು ಇನ್ನೂ ಎದ್ದಿಲ್ಲ.

ಈಗ್ಗೆ ಸ್ವಲ್ಪ ಹೊತ್ತಿನ ಹಿಂದೆ ಮೆಟ್ಟಿಲ ಮೇಲೆ ಏನೋ ಎಳೆದ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಪಕ್ಕದ ಮನೆಯ ಏಣಿಯ ಬಾಲ ಮೇಲಕ್ಕೆ ಹೋಗುತ್ತಿತ್ತು. ಆಮೇಲೆ ಕೊಡದಿಂದ ನೀರು ಸುರಿದ ಸದ್ದು. ಆಮೇಲೆ ಗಿರಿಜಾಳ ದನಿ.

‘ಗಿಡ ಸಡಿಲ ಆಗೈತೆ ಕಣ್ರಿ. ನಾಳೆ ತಗಂಡು ಹೋಗಿ ಶಾಲೆ ಕಾಂಪೌಂಡಿನಾಗೆ ನೆಡ್ತೀನಿ. ನಾವಂತೂ ಹೋಗ್ಲಿಲ್ಲ, ಇದಾದ್ರೂ ಹರಿಹರಕ್ಕೆ ಹೋಗ್ಲಿ.’

ಆ ಮಾತನ್ನೂ ಇಲ್ಲಿ ಬರೆದುಕೊಂಡೆ.

‘ಮೊಣಕಾಲು ನಡುಗ್ತೈತೆ, ಬಂದು ಏಣಿ ಹಿಡ್ಕಳ್ರಿ. ನಿಮ್ಮ ಬರೆಯೋದು ಮುಗೀತಾ?’

‘ಬಂದೆ, ಇನ್ನೊಂದೇ ಪ್ಯಾರಾ’ ಅಂದೆ.